ಹಳೆಯ ಪ್ಯಾಕಿಂಗ್

ವಾದಿ ಕಬೀರಿನಲ್ಲಿ ಬೆಳಗ್ಗೆ ಏಳಕ್ಕೇ
ಸುತ್ತಲ ಕರಿಗುಡ್ಡಗಳು ಕಾದ ಕಾವಲಿ.
ಖಲ್ಫಾನ್ ಅವರ ಐವತ್ತಾರರ ಷೆವರ್ಲೆ
ಮೂರು ವಾರದಿಂದ ನಮ್ಮ ತಗಡಿನ ಕೆಳಗೆ
ಬಾನೆಟ್ಟು ತೆರೆದುಕೊಂಡು,
ಹಲ್ಲು ಕೀಳಿಸಲು ಬಂದವರ ಹಾಗೆ.

ರೋಗವೇನೂ ದೊಡ್ಡದಲ್ಲ.
ಹೊಗೆ ಹೊರಹಾಕುವ ಮ್ಯಾನಿಫೋಲ್ಡು ಇಂಜಿನ್ನಿಗೆ ಕೂತಲ್ಲಿ
ಕೂದಲೆಳೆಯ ಸಂದು.
ಸ್ಟಾರ್ಟು ಮಾಡಿದರೆ ಟಿಕ್ ಟಿಕ್ ಟಿಕ್,
ಯಾರೋ ಹೇಳಿದ್ದಕ್ಕೆಲ್ಲ ಹಲ್ಲಿ ಲೊಚಗುಟ್ಟಿದಂತೆ.

ಸೇಕಬ್ಬ ಉಸ್ತಾದರಿಗೆ ಅದು ಕೇಳುವುದಿಲ್ಲ.
ನಲವತ್ತು ವರ್ಷದ ಇಂಜಿನ್ನುಗಳು ಬಲಗಿವಿಯನ್ನು ತಿಂದು
ಎಡಗಿವಿಯನ್ನು ಸಾಲಕ್ಕೆ ಬಿಟ್ಟಿವೆ.
ಅವರು ಅಂಗೈ ಮೇಲೆ ಮಾಡಿ ಸಂದಿನುದ್ದಕ್ಕೂ
ಕೈಬೆನ್ನು ಒಯ್ಯುತ್ತಾರೆ, ಮುಟ್ಟದೆ.
ರೋಮ ಅಲ್ಲಾಡಿದಲ್ಲಿ ನಿಲ್ಲುತ್ತಾರೆ.
"ಮುಲ್ಪ ಉಂಡು."

ಕೊನೆಯ ಸ್ಟಡ್ಡು ಮುರಿದಿತ್ತು,
ಕೈ ಹೋದರೆ ಕಣ್ಣು ಹೋಗದ ಮೂಲೆಯಲ್ಲಿ.
ಗ್ಯಾಸಿನ ಬೆಂಕಿ ಹಿಡಿದು ಮೇಣದ ಬತ್ತಿ ಒತ್ತಿದೆ.
ಕರಗಿದ ಮೇಣ ತಿರುಪಿನ ಗೆರೆಗಳೊಳಕ್ಕೆ ಇಳಿಯಿತು;
ಬೈದರೆ ಬಾರದ್ದು ರಮಿಸಿದರೆ ಬಂತು,
ಕಾಲು ಸುತ್ತು, ಮತ್ತೆ ಕಾಲು ಸುತ್ತು.

ಉಕ್ಕಿನ ಪಟ್ಟಿ ಇಟ್ಟು ನೋಡಿದರೆ ಅದರ ಬೆನ್ನು ಬಾಗಿತ್ತು,
ನಡುವೆ ಹನ್ನೆರಡು ತೌ ಬೆಳಕು.
ಗಾಜಿನ ಮೇಲೆ ಮರಳು ಕಾಗದ ಹಾಸಿ ಎರಡು ದಿನ ಉಜ್ಜಿದೆ.
ಉಗುರಿನ ಸಂದಿಯ ಕಪ್ಪು ಹೆಂಡತಿಗೆ ವಿಡಿಯೋದಲ್ಲೂ ಕಂಡಿತು.
"ಅಲ್ಲಿ ಸೋಪು ಸಿಗುವುದಿಲ್ಲವಾ?"

ಸಿಗದಿದ್ದದ್ದು ಪ್ಯಾಕಿಂಗ್.
ತಾಮ್ರದ ಹಾಳೆಯಲ್ಲಿ ನಾನೇ ಕತ್ತರಿಸಿದೆ.
ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ
ಉಕ್ಕು ಹಟಮಾರಿಯಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ.
ಒಂದೇ ಶಿಕ್ಷೆ.
ಇಷ್ಟು ಹೇಳಿ ಉಸ್ತಾದರು ಸುಮ್ಮನಾದರು,
ಯಾರನ್ನು ನೆನೆದು ಹೇಳಿದರೋ.

ನಡುವಿನ ನಟ್ಟು ಮೊದಲು. ಆಮೇಲೆ ಎಡಕ್ಕೊಂದು, ಬಲಕ್ಕೊಂದು,
ತುದಿಗಳು ಕೊನೆಗೆ.
"ತೋಳಿದೆ ಎಂದು ತಿರುಚಬೇಡ ಗುರುವಪ್ಪಾ,
ಕಾದ ಕಬ್ಬಿಣ ಉದ್ದವಾಗುತ್ತದೆ,
ಜರುಗಲು ಬಿಡದಿದ್ದರೆ ತನ್ನ ಕಿವಿ ತಾನೇ ಸೀಳಿಕೊಳ್ಳುತ್ತದೆ."

ಅಸರ್ ಬಾಂಗಿನ ಹೊತ್ತಿಗೆ ಸ್ಟಾರ್ಟು ಮಾಡಿದೆವು.
ಎಣ್ಣೆ ಸುಟ್ಟ ವಾಸನೆ, ಬಿಳಿ ಹೊಗೆ, ಆಮೇಲೆ
ಏನೂ ಇಲ್ಲ. ಆರು ಸಿಲಿಂಡರಿನ ಗುನುಗು, ಅಷ್ಟೆ.
ಉಸ್ತಾದರ ಕೈ ಎರಡು ಬಾರಿ ಹೋಗಿ ಬಂತು.
ಒಂದು ರೋಮವೂ ಅಲ್ಲಾಡಲಿಲ್ಲ.

ಖಲ್ಫಾನ್ ಬಹಳ ಹೊತ್ತು ಬಗ್ಗಿ ನಿಂತರು.
"ಆ ಸದ್ದು?"
ಹೋಯಿತು, ಎಂದೆ, ಭಕ್ಷೀಸಿಗೆ ಕಾಯುವವನ ನಗೆಯಲ್ಲಿ.
ಅವರು ನಗಲಿಲ್ಲ.
ಟಾರು ರಸ್ತೆ ಬರುವ ಮೊದಲು, ರಾತ್ರಿ, ವಾದಿಯ ಕಲ್ಲುಗಳ ಮೇಲೆ
ದೀಪ ಕಾಣುವುದಕ್ಕೂ ಮುಂಚೆ ಆ ಟಿಕ್ ಟಿಕ್ ಬರುತ್ತಿತ್ತಂತೆ.
ಅಪ್ಪ ಬಂದ ಎಂದು ತಾಯಿ ಆಗ ಅಕ್ಕಿ ಒಲೆಗಿಡುತ್ತಿದ್ದಳಂತೆ.
"ಸ್ವಲ್ಪ ಸಡಿಲ ಬಿಡಲಾಗುವುದಿಲ್ಲವೇ?"

ಸ್ಪ್ಯಾನರು ನನ್ನ ಕೈಯಲ್ಲೇ ಇತ್ತು. ಅರ್ಧ ಸುತ್ತು ಸಾಕಿತ್ತು.
ಉಸ್ತಾದರಿಗೆ ಪ್ರಶ್ನೆ ಕೇಳಿಸಲಿಲ್ಲ. ಕೇಳಿಸಿತೋ ಏನೋ.
ವಿಷದ ಹೊಗೆ ಸಾಹೇಬರೇ, ಎಂದೆ,
ಕಿಟಕಿ ಮುಚ್ಚಿದರೆ ನಿದ್ದೆ ಬರುತ್ತದೆ, ಎಚ್ಚರ ಬರುವುದಿಲ್ಲ.

ಕಸದ ಡ್ರಮ್ಮಿನಿಂದ ಹಳೆಯ ಪ್ಯಾಕಿಂಗ್ ಎತ್ತಿ ತಂದೆ,
ಸುಟ್ಟು ಹಪ್ಪಳವಾದದ್ದು.
ಕೊನೆಯ ತೂತಿನಿಂದ ಅಂಚಿನವರೆಗೆ
ಮಸಿಯ ಒಂದು ಸಣ್ಣ ನಾಲಗೆ,
ಅಷ್ಟು ವರ್ಷ ಆ ಸದ್ದು ನಡೆದ ಕಾಲುದಾರಿ.
ಬೆರಳಿಂದ ಒರೆಸಲು ಹೋದವರು ನಿಲ್ಲಿಸಿ
ಪಕ್ಕದ ಸೀಟಿನ ಮೇಲೆ ಇಟ್ಟುಕೊಂಡರು.
ಬಿಲ್ಲಿನ ಚೌಕಾಸಿ ಮಾತ್ರ ಎಂದಿನಂತೆಯೇ ಮಾಡಿದರು.

ನಾಳೆ ತಣ್ಣಗಿರುವಾಗ ತನ್ನಿ, ಎಂದಿದ್ದೆವು,
ಹೊಸ ತಾಮ್ರ ಕೂರುತ್ತದೆ, ನಟ್ಟು ಸಡಿಲವಾಗುತ್ತದೆ,
ಇನ್ನೊಮ್ಮೆ ಬಿಗಿಯಬೇಕು.
ಇವತ್ತಿಗೆ ಹನ್ನೊಂದು ದಿನ.
ಫೋನ್ ಮಾಡಿದರೆ ಬುಕ್ರಾ ಎನ್ನುತ್ತಾರೆ, ನಾಳೆ, ನಾಳೆ.
ಕಿಟಕಿ ತೆರೆದೇ ಇದೆ ಎಂದೂ ಹೇಳುತ್ತಾರೆ, ನಾನು ಕೇಳದೆಯೇ.
ಹಿಂದೆ ಇಂಜಿನ್ನು ಓಡುತ್ತಿರುತ್ತದೆ.
ನಾನು ಫೋನನ್ನು ಕಿವಿಗೆ ಒತ್ತಿ ಹಿಡಿಯುತ್ತೇನೆ.